ಓದುಗರ ಪ್ರಶ್ನೆಗಳು: ಕಣ್ಣಿಗೆ ಬೀಳದ್ದನ್ನೂ ಎಣಿಸುವ ಶಾಸ್ತ್ರ

ಹುಬ್ಬಳ್ಳಿಯ ರೈಲು ಚಾಲಕರ ಕೆಲಸದ ಸರದಿಯನ್ನು, ಅಂದರೆ ಡ್ಯೂಟಿ ಲಿಂಕ್‌ಗಳನ್ನು ಹೇಗೆ ಹೊಂದಿಸುತ್ತಾರೆ ಎಂದು ಓದುಗರೊಬ್ಬರು ಕೇಳಿದ್ದಕ್ಕೆ ಕಳೆದ ಸಂಚಿಕೆಯಲ್ಲಿ ಉತ್ತರಿಸುವಾಗ, ‘ಆಪರೇಷನ್ಸ್ ರಿಸರ್ಚ್’ ಎಂಬ ಶಾಸ್ತ್ರದ ಹೆಸರನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಸಾಗಿದ್ದೆ. ಆ ಒಂದು ಸಾಲನ್ನೇ ಹಿಡಿದು ಈ ಸಲ ನಮ್ಮ ಭಾಗದಿಂದ ಬಹಳ ಪತ್ರಗಳು ಬಂದಿವೆ. ಅವುಗಳಲ್ಲಿ ಆರನ್ನು ಆರಿಸಿಕೊಂಡು ಇಡೀ ಅಂಕಣವನ್ನು ಈ ವಿಷಯಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಗುರುಗಳೇ, ನಾನು ಗದಗದ ಕಾಲೇಜೊಂದರಲ್ಲಿ ಬಿ.ಬಿ.ಎ. ಓದುತ್ತಿದ್ದೇನೆ. ನಮಗೆ ಆಪರೇಷನ್ಸ್ ರಿಸರ್ಚ್ ಒಂದು ವಿಷಯ. ಕೋಷ್ಟಕ ಬರೆದು, ಸಾಲುಸಾಲಾಗಿ ಅಂಕಿಗಳನ್ನು ಕಳೆದು, ಸೊನ್ನೆಗಳ ಮೇಲೆ ಗೆರೆ ಎಳೆದು ಉತ್ತರ ತೆಗೆಯುವುದನ್ನು ಕಲಿತಿದ್ದೇನೆ. ಒಳ್ಳೆಯ ಅಂಕಗಳೂ ಬಂದಿವೆ. ಆದರೆ ಇದನ್ನು ಯಾರು, ಏತಕ್ಕಾಗಿ ಶುರುಮಾಡಿದರು, ಈ ಹೆಸರು ಏಕೆ ಬಂತು ಎಂದು ಅಜ್ಜ ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಅವರು ಇದನ್ನು ಆಸ್ಪತ್ರೆಯ ಆಪರೇಷನ್ ಎಂದೇ ತಿಳಿದಿದ್ದರು.
— ವಿದ್ಯಾರ್ಥಿನಿ, ಗದಗ

ಉತ್ತರ: ಪಠ್ಯಪುಸ್ತಕದ ಮೊದಲ ಪುಟದಲ್ಲೇ ಇರಬೇಕಾಗಿದ್ದ ಪ್ರಶ್ನೆಯನ್ನು ನಿಮ್ಮ ಅಜ್ಜನವರು ಕೇಳಿದ್ದಾರೆ. ಇಲ್ಲಿ ಆಪರೇಷನ್ ಎಂದರೆ ಸೈನ್ಯದವರು ಹೇಳುವ ಕಾರ್ಯಾಚರಣೆ. 1930ರ ದಶಕದ ಕೊನೆಯಲ್ಲಿ, ಜರ್ಮನಿಯ ಬಾಂಬರ್ ವಿಮಾನಗಳು ಯಾವಾಗ ಬಂದಾವೋ ಎಂಬ ಅಂಜಿಕೆಯಲ್ಲಿ ಇಂಗ್ಲೆಂಡ್ ಇದ್ದಾಗ, ಅಲ್ಲಿನ ಪೂರ್ವ ಕರಾವಳಿಯ ಬಾಡ್ಸಿ ಎಂಬ ಊರಿನ ಸಂಶೋಧನಾ ಕೇಂದ್ರದಲ್ಲಿ ರೇಡಾರ್ ರೂಪುಗೊಳ್ಳುತ್ತಿತ್ತು. ಉಪಕರಣವೇನೋ ದೂರದ ವಿಮಾನವನ್ನು ಗುರುತಿಸುತ್ತಿತ್ತು. ಆದರೆ ಹಲವು ಠಾಣೆಗಳಿಂದ ಬರುವ, ಎಷ್ಟೋ ಸಲ ಒಂದಕ್ಕೊಂದು ತಾಳೆಯಾಗದ ಸುದ್ದಿಗಳನ್ನು ಸೋಸಿ, ಯಾವ ನೆಲೆಯಿಂದ ಎಷ್ಟು ವಿಮಾನಗಳನ್ನು ಮೇಲೇರಿಸಬೇಕೆಂದು ಕೆಲವೇ ನಿಮಿಷಗಳಲ್ಲಿ ತೀರ್ಮಾನಿಸುವುದು ಹೇಗೆ ಎಂಬುದು ರೇಡಾರ್‌ಗಿಂತ ಕಠಿಣವಾದ ಸಮಸ್ಯೆಯಾಗಿತ್ತು. ಉಪಕರಣದ ಮೇಲೆ ಸಂಶೋಧನೆ ನಡೆಸಿದಂತೆಯೇ ಅದನ್ನು ಬಳಸುವ ಕಾರ್ಯಾಚರಣೆಯ ಮೇಲೂ ಸಂಶೋಧನೆ ನಡೆಯಬೇಕೆಂದು ಆ ಕೇಂದ್ರದ ಮೇಲ್ವಿಚಾರಕರಾಗಿದ್ದ ಎ. ಪಿ. ರೋ ಅವರು 1938ರಲ್ಲಿ ಒಂದು ತಂಡವನ್ನು ತೊಡಗಿಸಿದರು. ಹೆಸರು ಹುಟ್ಟಿದ್ದು ಅಲ್ಲಿ. ಬ್ರಿಟನ್ನಿನವರು ಇಂದಿಗೂ ‘ಆಪರೇಷನಲ್ ರಿಸರ್ಚ್’ ಎನ್ನುತ್ತಾರೆ. ಅಮೆರಿಕದವರ ‘ಆಪರೇಷನ್ಸ್ ರಿಸರ್ಚ್’ ನಮ್ಮ ಪಠ್ಯಕ್ಕೆ ಬಂದಿದೆ.

ಇದಕ್ಕೆ ಶಾಸ್ತ್ರದ ಗಟ್ಟಿತನ ತಂದವರು ಭೌತವಿಜ್ಞಾನಿ ಪ್ಯಾಟ್ರಿಕ್ ಬ್ಲ್ಯಾಕೆಟ್. (1948ರ ಭೌತವಿಜ್ಞಾನದ ನೊಬೆಲ್ ಇವರಿಗೇ ಬಂತು.) 1940ರಲ್ಲಿ ವಿಮಾನನಾಶಕ ಫಿರಂಗಿಗಳ ವಿಭಾಗಕ್ಕೆ ಸಲಹೆಗಾರರಾದಾಗ ಅವರು ಕಟ್ಟಿಕೊಂಡ ತಂಡದಲ್ಲಿ ಶರೀರವಿಜ್ಞಾನಿಗಳು, ಗಣಿತಜ್ಞರು, ಒಬ್ಬ ಖಗೋಳ ಭೌತವಿಜ್ಞಾನಿ, ಒಬ್ಬ ಭೂಮಾಪಕ, ಒಬ್ಬ ಸೇನಾಧಿಕಾರಿ ಇದ್ದರು. ಜನ ಅದನ್ನು ‘ಬ್ಲ್ಯಾಕೆಟ್ ಸರ್ಕಸ್’ ಎಂದು ಕರೆದರು. ಆಗ ಒಂದು ಶತ್ರುವಿಮಾನವನ್ನು ಕೆಡವಲು ಸರಾಸರಿ 20,000 ಗುಂಡುಗಳು ಖರ್ಚಾಗುತ್ತಿದ್ದವು. ಮರು ಬೇಸಿಗೆಯ ಹೊತ್ತಿಗೆ ಆ ಸಂಖ್ಯೆ 4,000ಕ್ಕೆ ಇಳಿಯಿತು.

ಆ ತಂಡದ ಕೆಲಸಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಒಂದು ಸಣ್ಣ ಪ್ರಸಂಗ. ಕರಾವಳಿಯ ಫಿರಂಗಿ ಪಡೆಗಳು ಒಳನಾಡಿನ ಪಡೆಗಳಿಗಿಂತ ಸರಿಸುಮಾರು ಅರ್ಧದಷ್ಟೇ ಗುಂಡುಗಳಲ್ಲಿ ಒಂದೊಂದು ವಿಮಾನವನ್ನು ಉರುಳಿಸುತ್ತಿವೆಯೆಂದು ಅಂಕಿಅಂಶಗಳು ಹೇಳುತ್ತಿದ್ದವು. ಸಮುದ್ರದ ಮೇಲೆ ರೇಡಾರ್ ಚೆನ್ನಾಗಿ ಕೆಲಸ ಮಾಡುತ್ತದೆಯೇ, ಅಲ್ಲಿ ವಿಮಾನಗಳು ನೇರವಾಗಿ ಹಾರುತ್ತವೆಯೇ ಎಂದು ಎಲ್ಲರೂ ಕಾರಣ ಹುಡುಕಿದರು. ಉತ್ತರ ಬೇರೆಡೆ ಇತ್ತು. ಒಳನಾಡಿನಲ್ಲಿ ವಿಮಾನ ಬಿದ್ದಿದೆ ಎಂದು ಹೇಳಿಕೊಂಡರೆ ಯಾರಾದರೂ ಹೋಗಿ ಅದರ ಅವಶೇಷವನ್ನು ನೋಡಿ ಬರಬಹುದಿತ್ತು, ಬೀಳದಿದ್ದರೆ ಲೆಕ್ಕದಿಂದ ತೆಗೆಯಬಹುದಿತ್ತು. ಸಮುದ್ರದಲ್ಲಿ ಬಿತ್ತೆಂದು ಹೇಳಿದರೆ ನೋಡುವವರಾರು? ಕರಾವಳಿಯವರ ಗುರಿ ಉತ್ತಮವಾಗಿರಲಿಲ್ಲ, ಅವರ ಲೆಕ್ಕವನ್ನು ಪರೀಕ್ಷಿಸುವ ದಾರಿ ಇರಲಿಲ್ಲ, ಅಷ್ಟೆ.

ಜಲಾಂತರ್ಗಾಮಿಗಳ ವಿಷಯದಲ್ಲಿಯೂ ಹೀಗೇ ಆಯಿತು. ವಿಮಾನ ಕಂಡೊಡನೆ ಜಲಾಂತರ್ಗಾಮಿ ಮುಳುಗುತ್ತದೆ, ಆದ್ದರಿಂದ ಮೇಲಿನಿಂದ ಹಾಕುವ ಸಿಡಿಗುಂಡು ಸುಮಾರು 100 ಅಡಿ ಆಳದಲ್ಲಿ ಸಿಡಿಯುವಂತೆ ಹೊಂದಿಸುತ್ತಿದ್ದರು. ತರ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಇ. ಜೆ. ವಿಲಿಯಮ್ಸ್ ಎಂಬ ವಿಜ್ಞಾನಿ ದಾಳಿಗಳ ವರದಿಗಳನ್ನು ಒಂದೊಂದಾಗಿ ಓದಿ ಇನ್ನೊಂದು ಸಂಗತಿಯನ್ನು ಗಮನಿಸಿದರು: ಅಷ್ಟು ಆಳಕ್ಕೆ ಹೋಗಲು ಸಮಯ ಸಿಕ್ಕ ಜಲಾಂತರ್ಗಾಮಿ ಪಕ್ಕಕ್ಕೂ ಸರಿದಿರುತ್ತದೆ, ಅದು ಎಲ್ಲಿದೆಯೆಂದೇ ಗೊತ್ತಿರುವುದಿಲ್ಲ. ನಿಜವಾಗಿ ಹೊಡೆಯಬಹುದಾದದ್ದು ಇನ್ನೂ ನೀರಿನ ಮೇಲ್ಭಾಗದಲ್ಲೇ ಇರುವ ಜಲಾಂತರ್ಗಾಮಿಯನ್ನು. ಅದಕ್ಕೆ 100 ಅಡಿ ಕೆಳಗಿನ ಸ್ಫೋಟ ತಟ್ಟುವುದೇ ಇಲ್ಲ. ಆಳವನ್ನು 25 ಅಡಿಗೆ ಇಳಿಸಿದ ಮೇಲೆ ಯಶಸ್ಸು ಹಲವು ಪಟ್ಟು ಹೆಚ್ಚಿತು. ಸೆರೆಸಿಕ್ಕ ಜರ್ಮನ್ ನಾವಿಕರು ಬ್ರಿಟಿಷರು ಹೊಸದೊಂದು ಪ್ರಬಲ ಸ್ಫೋಟಕವನ್ನು ತಂದಿದ್ದಾರೆಂದು ನಂಬಿದ್ದರು. ಬದಲಾದದ್ದು ಒಂದೇ ಒಂದು ಅಂಕಿ.

ಅಮೆರಿಕದಲ್ಲಿ ಇದೇ ಕಾಲಕ್ಕೆ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ತಂಡದಲ್ಲಿದ್ದ ಅಬ್ರಹಾಂ ವಾಲ್ಡ್, ಯುದ್ಧದಿಂದ ಮರಳಿದ ವಿಮಾನಗಳ ಮೇಲಿನ ಗುಂಡಿನ ತೂತುಗಳನ್ನು ಅಭ್ಯಾಸ ಮಾಡಿದರು. ಮರಳಿ ಬಾರದ ವಿಮಾನಗಳಿಗೆ ಎಲ್ಲಿ ಪೆಟ್ಟು ಬಿದ್ದಿರಬೇಕೆಂಬುದನ್ನು ಮರಳಿ ಬಂದವುಗಳಿಂದಲೇ ತರ್ಕಿಸುವ ವಿಧಾನವನ್ನು ಅವರು ರೂಪಿಸಿದರು. ಬಂದ ವಿಮಾನಗಳಲ್ಲಿ ತೂತು ವಿರಳವಾಗಿರುವ ಜಾಗವೇ, ಅಂದರೆ ಎಂಜಿನ್ನಿನಂಥ ಭಾಗವೇ, ಪೆಟ್ಟು ಬಿದ್ದರೆ ಉಳಿಯದ ಜಾಗ. ಈ ಮಹನೀಯರು 1950ರ ಡಿಸೆಂಬರ್‌ನಲ್ಲಿ ಭಾರತಕ್ಕೆ ಉಪನ್ಯಾಸಗಳಿಗಾಗಿ ಬಂದಿದ್ದಾಗ ನೀಲಗಿರಿಯಲ್ಲಿ ನಡೆದ ವಿಮಾನ ಅಪಘಾತದಲ್ಲಿ ಪತ್ನಿಯೊಡನೆ ತೀರಿಕೊಂಡರು. ಅವರ ಹೆಸರನ್ನು ಓದಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಅಜ್ಜನವರಿಗೆ ಹೀಗೆ ಹೇಳಿರಿ: ನಡೆಯುತ್ತಿರುವ ಕೆಲಸದ ಜಾಗಕ್ಕೆ ಹೋಗಿ, ಕಂಡದ್ದನ್ನು ಎಣಿಸಿ, ಕಾಣದ್ದು ಏನಿರಬಹುದೆಂದು ಯೋಚಿಸಿ, ಆಮೇಲೆ ಲೆಕ್ಕ ಮಾಡಿ, ಯಾವುದನ್ನು ಬದಲಿಸಿದರೆ ಒಳ್ಳೆಯದಾದೀತೆಂದು ಹೇಳುವ ಶಾಸ್ತ್ರವಿದು. ನೀವು ಎಳೆಯುವ ಗೆರೆಗಳು ನಾಲ್ಕನೆಯ ಹಂತದಲ್ಲಿ ಬರುತ್ತವೆ. ಮೊದಲ ಮೂರು ಹಂತಗಳು ಪರೀಕ್ಷೆಯಲ್ಲಿ ಬರುವುದಿಲ್ಲವೆಂಬುದು ನನಗೆ ಬಹುಕಾಲದ ಕೊರಗು.

ಪ್ರಶ್ನೆ: ಮಾನ್ಯರೇ, ನಮ್ಮದು ದನಗಳ ಹಿಂಡಿಯ ಸಗಟು ವ್ಯಾಪಾರ. ಹುಬ್ಬಳ್ಳಿ ಮತ್ತು ಗದಗದಲ್ಲಿ ಗೋದಾಮುಗಳಿವೆ. ವಾರಕ್ಕೆ ತಲಾ 5 ಲೋಡು ಮಾಲು ಬರುತ್ತದೆ. ಧಾರವಾಡಕ್ಕೆ 5, ಹಾವೇರಿಗೆ 5 ಲೋಡು ಕಳಿಸಬೇಕು. ಲೋಡಿಗೆ ಬಾಡಿಗೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ 2,000 ರೂಪಾಯಿ, ಹಾವೇರಿಗೆ 4,000. ಗದಗದಿಂದ ಧಾರವಾಡಕ್ಕೆ 4,000, ಹಾವೇರಿಗೆ ಮರಳುವಾಗ ಮಾಲು ಸಿಗದ ಕಾರಣ 7,000. ಎಲ್ಲಕ್ಕಿಂತ ಅಗ್ಗವಾದ ಹುಬ್ಬಳ್ಳಿ–ಧಾರವಾಡ ದಾರಿಯನ್ನೇ ಪೂರ್ತಿ ಬಳಸುತ್ತಿದ್ದೇವೆ. ಇದರಲ್ಲಿ ಇನ್ನೇನಾದರೂ ಉಳಿಸಬಹುದೇ?
— ವ್ಯಾಪಾರಿಗಳು, ಹುಬ್ಬಳ್ಳಿ

ಉತ್ತರ: ವಾರಕ್ಕೆ 5,000 ರೂಪಾಯಿ ಉಳಿಸಬಹುದು. ಹೇಗೆಂದು ನೋಡೋಣ.

ಈಗ ನೀವು ಹುಬ್ಬಳ್ಳಿಯ 5 ಲೋಡನ್ನು ಧಾರವಾಡಕ್ಕೆ, ಗದಗದ 5 ಲೋಡನ್ನು ಹಾವೇರಿಗೆ ಕಳಿಸುತ್ತಿದ್ದೀರಿ. ಖರ್ಚು 10,000 ಮತ್ತು 35,000, ಒಟ್ಟು 45,000. ಇದರಲ್ಲಿ ಒಂದೇ ಒಂದು ಲೋಡನ್ನು ಅದಲುಬದಲು ಮಾಡಿದರೆ ಏನಾಗುತ್ತದೆ? ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಒಂದನ್ನು ನಿಲ್ಲಿಸಿದರೆ 2,000 ಉಳಿಯುತ್ತದೆ. ಧಾರವಾಡದ ಆ ಕೊರತೆಯನ್ನು ಗದಗದಿಂದ ತುಂಬಲು 4,000 ಬೇಕು. ಅದರಿಂದ ಗದಗ–ಹಾವೇರಿ ಓಟ ಒಂದು ಕಡಿಮೆಯಾಗಿ 7,000 ಉಳಿಯುತ್ತದೆ. ಹಾವೇರಿಯ ಕೊರತೆಯನ್ನು ಹುಬ್ಬಳ್ಳಿಯಿಂದ ತುಂಬಲು 4,000 ಬೇಕು. ಉಳಿದದ್ದು 9,000, ತೆತ್ತದ್ದು 8,000. ಲೋಡೊಂದಕ್ಕೆ 1,000 ಲಾಭ. ಐದನ್ನೂ ಬದಲಿಸಿದರೆ ಒಟ್ಟು ಖರ್ಚು 40,000ಕ್ಕೆ ಇಳಿಯುತ್ತದೆ. ಅಗ್ಗದ ದಾರಿಯನ್ನು ಪೂರ್ತಿ ಕೈಬಿಟ್ಟಾಗಲೇ ಒಟ್ಟು ಖರ್ಚು ಅತಿ ಕಡಿಮೆಯಾಗುತ್ತದೆ. ಅಗ್ಗದ ದಾರಿಗೆ ಮಾರುಹೋಗಿ ನೀವು ಹುಬ್ಬಳ್ಳಿಯ ಮಾಲನ್ನೆಲ್ಲ ಅಲ್ಲಿಯೇ ಕಳೆದುಕೊಂಡಿರಿ, ಅದರ ದಂಡವನ್ನು ಗದಗದ ಲಾರಿಗಳು ತೆತ್ತವು. (ಗದಗದ ವಿದ್ಯಾರ್ಥಿನಿ ಇದನ್ನು ಓದುತ್ತಿದ್ದರೆ, ಅವರ ಪುಸ್ತಕದ ಸಾರಿಗೆ ಸಮಸ್ಯೆ ಇದೇ ಎಂದು ಗುರುತಿಸಿರುತ್ತಾರೆ.)

ಈ ಲೆಕ್ಕದಿಂದ ಇನ್ನೊಂದು ಉಪಯೋಗವಿದೆ. ಹುಬ್ಬಳ್ಳಿಯಲ್ಲಿ 5ರ ಬದಲು 6 ಲೋಡು ಮಾಲು ಸಿಕ್ಕು, ಗದಗದ ಒಂದು ಲೋಡು ಅಲ್ಲೇ ಉಳಿದರೂ ನಡೆಯುವಂತಿದ್ದರೆ, ಖರ್ಚು 38,000ಕ್ಕೆ ಇಳಿಯುತ್ತದೆ. ಅಂದರೆ ಹುಬ್ಬಳ್ಳಿಯಲ್ಲಿ ಇನ್ನೊಂದು ಲೋಡಿನ ಮಾಲಿಗೆ ನಿಮ್ಮ ಮಟ್ಟಿಗೆ ವಾರಕ್ಕೆ 2,000 ರೂಪಾಯಿಯ ಬೆಲೆಯಿದೆ. ಗೋದಾಮನ್ನು ಹಿಗ್ಗಿಸಲು ಅದಕ್ಕಿಂತ ಕಡಿಮೆ ಬಾಡಿಗೆ ಕೇಳಿದರೆ ಒಪ್ಪಿಕೊಳ್ಳಬಹುದು, ಹೆಚ್ಚು ಕೇಳಿದರೆ ಬೇಡ. ಯಾವ ಪೇಟೆಯ ದರಪಟ್ಟಿಯಲ್ಲಿಯೂ ಕಾಣದ ಈ ಬೆಲೆಗೆ ‘ನೆರಳು ಬೆಲೆ’ ಎನ್ನುತ್ತಾರೆ.

ನಿಮ್ಮ ನಾಲ್ಕು ದಾರಿಗಳನ್ನು ಕಾಗದದ ಮೇಲೆ ಬಿಡಿಸಿದೆವು. ನೂರಾರು ದಾರಿಗಳಿದ್ದರೆ? ಇದಕ್ಕೆ ದಾರಿ ಕಂಡವರಲ್ಲಿ ಮೊದಲಿಗರು ಸೋವಿಯತ್ ದೇಶದ ಗಣಿತಜ್ಞ ಲಿಯೊನಿದ್ ಕಾಂತರೋವಿಚ್. ಪ್ಲೈವುಡ್ ತಯಾರಿಕೆಯ ಒಂದು ಸಂಸ್ಥೆ, ಬೇರೆಬೇರೆ ಯಂತ್ರಗಳಿಗೆ ಬೇರೆಬೇರೆ ಮರವನ್ನು ಹೇಗೆ ಹಂಚಿದರೆ ಉತ್ಪಾದನೆ ಹೆಚ್ಚಾದೀತೆಂದು ಅವರನ್ನು ಕೇಳಿತು. 1939ರಲ್ಲಿ ಅವರು ಪ್ರಕಟಿಸಿದ ಪುಟ್ಟ ಪುಸ್ತಕದಲ್ಲಿ ಆ ಉತ್ತರವೂ, ನೆರಳು ಬೆಲೆಯ ಕಲ್ಪನೆಯೂ ಇದ್ದವು. ಹೊರಜಗತ್ತಿಗೆ ಅದು ಬಹುಕಾಲ ತಿಳಿಯಲಿಲ್ಲ. 1947ರಲ್ಲಿ ಅಮೆರಿಕದ ವಾಯುಪಡೆಗಾಗಿ ದುಡಿಯುತ್ತಿದ್ದ ಜಾರ್ಜ್ ಡ್ಯಾಂಟ್ಸಿಗ್ ಸ್ವತಂತ್ರವಾಗಿ ‘ಸಿಂಪ್ಲೆಕ್ಸ್’ ವಿಧಾನವನ್ನು ರೂಪಿಸಿದರು. ಮೇಲೆ ನಾವು ಮಾಡಿದಂತೆ, ಕೈಯಲ್ಲಿರುವ ಹಂಚಿಕೆಯಿಂದ ಲಾಭ ಕೊಡುವ ಪಕ್ಕದ ಹಂಚಿಕೆಗೆ ಸರಿಯುತ್ತ, ಇನ್ನು ಲಾಭವೇ ಇಲ್ಲವೆಂದಾಗ ನಿಲ್ಲುವುದೇ ಅದರ ತಿರುಳು. ಇಂಥ ಹಂಚಿಕೆಯ ಲೆಕ್ಕಗಳಿಗೆ ‘ಲೀನಿಯರ್ ಪ್ರೋಗ್ರಾಮಿಂಗ್’ ಎಂಬ ಹೆಸರು ಬಂತು. ಇಲ್ಲಿನ ಪ್ರೋಗ್ರಾಂ ಕಂಪ್ಯೂಟರಿನದಲ್ಲ, ಸೈನ್ಯದ ಯೋಜನಾಪಟ್ಟಿ. 1975ರ ಅರ್ಥಶಾಸ್ತ್ರದ ನೊಬೆಲ್ ಕಾಂತರೋವಿಚ್ ಮತ್ತು ಅರ್ಥಶಾಸ್ತ್ರಜ್ಞ ಟ್ಯಾಲಿಂಗ್ ಕೂಪ್‌ಮನ್ಸ್ ಅವರಿಗೆ ಬಂತು. ಡ್ಯಾಂಟ್ಸಿಗ್ ಅವರನ್ನು ಬಿಟ್ಟದ್ದು ಅನ್ಯಾಯವೆಂದು ನಾನು ಈಗಲೂ ಎಣಿಸುತ್ತೇನೆ.

ನಿಮ್ಮದು ಹಿಂಡಿಯ ವ್ಯಾಪಾರವಾದ್ದರಿಂದ ಇನ್ನೊಂದು ಮಾತು. ಜಾರ್ಜ್ ಸ್ಟಿಗ್ಲರ್ ಎಂಬ ಅರ್ಥಶಾಸ್ತ್ರಜ್ಞರು 1945ರಲ್ಲಿ 77 ಆಹಾರ ಪದಾರ್ಥಗಳನ್ನು ಮುಂದಿಟ್ಟುಕೊಂಡು, 9 ಪೋಷಕಾಂಶಗಳು ಕಡಿಮೆಯಾಗದಂತೆ ಒಬ್ಬ ಮನುಷ್ಯನ ಒಂದು ವರ್ಷದ ಅತಿ ಅಗ್ಗದ ಊಟ ಎಷ್ಟಾದೀತೆಂದು ಜಾಣ ಅಂದಾಜಿನಿಂದ ಲೆಕ್ಕ ಹಾಕಿದರು: 39.93 ಡಾಲರ್. 1947ರಲ್ಲಿ ಸಿಂಪ್ಲೆಕ್ಸ್ ವಿಧಾನವನ್ನು ಪರೀಕ್ಷಿಸಲು ಇದೇ ಲೆಕ್ಕವನ್ನು ಎತ್ತಿಕೊಂಡು, 9 ಗುಮಾಸ್ತರು ಕೈಯಂತ್ರಗಳಲ್ಲಿ ಸುಮಾರು 120 ಆಳುದಿನಗಳಷ್ಟು ದುಡಿದು ಪಡೆದ ಉತ್ತರ 39.69 ಡಾಲರ್. ಇಂದು ಪಶು ಆಹಾರದ ಕಾರ್ಖಾನೆಗಳು ಜೋಳ, ಹಿಂಡಿ, ತೌಡು, ಬೂಸಾಗಳನ್ನು ಎಷ್ಟೆಷ್ಟು ಬೆರೆಸಿದರೆ ಪೋಷಣೆ ಕುಂದದೆ ಖರ್ಚು ತಗ್ಗುತ್ತದೆಂದು ಕಂಡುಕೊಳ್ಳುವುದು ಇದೇ ಲೆಕ್ಕದಿಂದ. ಕಂಪ್ಯೂಟರಿಗೆ ಅದು ಕ್ಷಣದ ಕೆಲಸ.

ಆದರೆ ಒಂದೇ ಲಾರಿ ಹತ್ತು ಅಂಗಡಿಗಳಿಗೆ ಸುತ್ತಿ ಬರಬೇಕಾದಾಗ ಸಮಸ್ಯೆಯ ಸ್ವಭಾವವೇ ಬದಲಾಗುತ್ತದೆ. ಹತ್ತು ಅಂಗಡಿಗಳನ್ನು 36,28,800 ಕ್ರಮಗಳಲ್ಲಿ ಸುತ್ತಬಹುದು; ಹದಿನೈದಾದರೆ ಕ್ರಮಗಳ ಸಂಖ್ಯೆ 1.3 ಲಕ್ಷ ಕೋಟಿಯನ್ನು ದಾಟುತ್ತದೆ. ಅದರ ಬಗ್ಗೆ ಬೇರೊಂದು ಸಂಚಿಕೆಯಲ್ಲಿ ಬರೆಯುತ್ತೇನೆ.

ಪ್ರಶ್ನೆ: ಅಣ್ಣನವರೇ, ನಾನು ಧಾರವಾಡದಲ್ಲಿ ಮನೆಯಲ್ಲಿಯೇ ಜೋಳದ ರೊಟ್ಟಿ ಬಡಿದು ಮಾರುತ್ತೇನೆ. ಒಂದು ರೊಟ್ಟಿಗೆ 6 ರೂಪಾಯಿ ಖರ್ಚು ಬೀಳುತ್ತದೆ, 10ಕ್ಕೆ ಮಾರುತ್ತೇನೆ. ಉಳಿದದ್ದನ್ನು ಒಣಗಿಸಿ 4 ರೂಪಾಯಿಯಂತೆ ಕೊಡುತ್ತೇನೆ. ಒಂದು ದಿನ ಉಳಿಯುತ್ತದೆ, ಒಂದು ದಿನ ಸಾಲುವುದಿಲ್ಲ. ದಿನಕ್ಕೆ ಎಷ್ಟು ಮಾಡಬೇಕೆಂದು ನಿಮ್ಮ ಶಾಸ್ತ್ರ ಹೇಳುತ್ತದೆಯೇ?
— ಗೃಹಿಣಿ, ಧಾರವಾಡ

ಉತ್ತರ: ಹೇಳುತ್ತದೆ, ಅಕ್ಕನವರೇ, ನಿಮ್ಮ ಪತ್ರದಲ್ಲಿ ಅದಕ್ಕೆ ಬೇಕಾದ ಮೂರೂ ಅಂಕಿಗಳಿವೆ. ಒಂದು ರೊಟ್ಟಿ ಕಡಿಮೆ ಬಿದ್ದರೆ ನೀವು ಕಳೆದುಕೊಳ್ಳುವುದು 4 ರೂಪಾಯಿಯ ಲಾಭವನ್ನು. ಒಂದು ಹೆಚ್ಚಾದರೆ ಕಳೆದುಕೊಳ್ಳುವುದು 6ರಲ್ಲಿ 4 ಹೋಗಿ 2 ರೂಪಾಯಿ. ಕೊರತೆಯ ನಷ್ಟ ಉಳಿಕೆಯ ನಷ್ಟಕ್ಕಿಂತ ಇಮ್ಮಡಿಯಾದ್ದರಿಂದ ನೀವು ಸ್ವಲ್ಪ ಹೆಚ್ಚಿಗೇ ಮಾಡಬೇಕು. ಎಷ್ಟು ಹೆಚ್ಚಿಗೆ ಎಂದರೆ, ಮೂರು ದಿನಗಳಲ್ಲಿ ಎರಡು ದಿನ ಎಲ್ಲ ಗಿರಾಕಿಗಳಿಗೂ ಸಾಲುವಷ್ಟು. ನಷ್ಟಗಳೆರಡನ್ನೂ ಕೂಡಿಸಿದಾಗ ಬರುವ 6ರಲ್ಲಿ ಕೊರತೆಯ ನಷ್ಟ 4, ಅಂದರೆ ಮೂರರಲ್ಲಿ ಎರಡು ಪಾಲು. ಆ ಪಾಲೇ ಈ ಉತ್ತರವನ್ನು ಕೊಡುತ್ತದೆ.

ಮನೆಯಲ್ಲಿ ಹೀಗೆ ಮಾಡಿರಿ. ಮೂವತ್ತು ದಿನ, ದಿನಕ್ಕೆ ಎಷ್ಟು ರೊಟ್ಟಿ ಕೇಳಿದರೆಂಬುದನ್ನು ಒಂದು ವಹಿಯಲ್ಲಿ ಬರೆದಿಡಿರಿ. ತಿಂಗಳ ಕೊನೆಗೆ ಆ ಮೂವತ್ತು ಅಂಕಿಗಳನ್ನು ಚಿಕ್ಕದರಿಂದ ದೊಡ್ಡದರವರೆಗೆ ಸಾಲಾಗಿ ಬರೆದು, ಇಪ್ಪತ್ತನೆಯ ಅಂಕಿಯನ್ನು ನೋಡಿರಿ. ಅಷ್ಟು ರೊಟ್ಟಿ ಮಾಡಿರಿ. ಬಸವ ಜಯಂತಿ, ಮದುವೆಯ ಕಾಲ, ಎಳ್ಳಮಾವಾಸ್ಯೆಯಂಥ ದಿನಗಳನ್ನು ಇದರಲ್ಲಿ ಬೆರೆಸದೆ ಬೇರೆಯಾಗಿ ಬರೆದಿಡಬೇಕು.

ಒಂದು ಎಚ್ಚರ ಅತ್ಯಗತ್ಯ. ಬರೆಯಬೇಕಾದದ್ದು ಮಾರಿದ ರೊಟ್ಟಿಗಳನ್ನಲ್ಲ, ಕೇಳಿದ ರೊಟ್ಟಿಗಳನ್ನು. ಬುಟ್ಟಿ ಬರಿದಾದ ಮೇಲೆ ಬಂದು ಹಾಗೆಯೇ ಮರಳಿದವರು ದುಡ್ಡಿನ ಡಬ್ಬಿಯಲ್ಲಿ ಕಾಣುವುದಿಲ್ಲ; ಅವರನ್ನು ಎಣಿಸದಿದ್ದರೆ ನಿಮ್ಮ ವಹಿ ಮೇಲೆ ಹೇಳಿದ ವಾಲ್ಡ್ ಅವರ ಮರಳಿ ಬಂದ ವಿಮಾನಗಳ ಹಾಗೆ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ. “ತೀರಿದವು” ಎಂದು ಹೇಳಿ ಕಳಿಸುವಾಗ “ಎಷ್ಟು ಬೇಕಾಗಿತ್ತು?” ಎಂದು ಕೇಳಿ ಅದನ್ನೂ ಬರೆಯಿರಿ.

ಪ್ರಶ್ನೆ: ನಾನು ನಿವೃತ್ತ ನೌಕರ. ಮಧುಮೇಹದ ತಪಾಸಣೆಗೆ ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗುತ್ತೇನೆ. ಚೀಟಿ ಬರೆಸುವ ಕಿಟಕಿಯಲ್ಲಿ ಮೊದಲೆಲ್ಲ ಕಾಲು ತಾಸು ಪಾಳಿ ಹಚ್ಚಿದರೆ ಸಾಕಾಗುತ್ತಿತ್ತು. ಈಗ ಒಂದು ತಾಸಾದರೂ ಪಾಳಿ ಬರುವುದಿಲ್ಲ. ರೋಗಿಗಳು ಅಷ್ಟೇನೂ ಹೆಚ್ಚಾಗಿಲ್ಲವೆಂದು ಅಲ್ಲಿನವರು ಹೇಳುತ್ತಾರೆ. ಯಾರ ಮಾತು ನಿಜ?
— ಹಿರಿಯ ನಾಗರಿಕರು, ಹಾವೇರಿ

ಉತ್ತರ: ಹಿರಿಯರೇ, ಇಬ್ಬರ ಮಾತೂ ನಿಜವಾಗಿರಬಹುದು. ಒಂದು ಚೀಟಿಗೆ ಸರಾಸರಿ 4 ನಿಮಿಷ ಬೇಕೆಂದುಕೊಳ್ಳೋಣ. ಆ ಕಿಟಕಿ ತಾಸಿಗೆ 15 ಜನರನ್ನು ಕಳಿಸಬಲ್ಲದು. ತಾಸಿಗೆ 12 ಜನ ಬರುತ್ತಿದ್ದಾಗ, ಯಾರು ಯಾವಾಗ ಬರುತ್ತಾರೆ ಮತ್ತು ಯಾರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದಕ್ಕೆ ನಿಯಮವಿಲ್ಲವೆಂದು ಇಟ್ಟುಕೊಂಡರೆ, ಸರಾಸರಿ ಕಾಯುವಿಕೆ 16 ನಿಮಿಷ. 13 ಜನ ಬಂದರೆ 26 ನಿಮಿಷ. 14 ಜನ ಬಂದರೆ 56 ನಿಮಿಷ. ತಾಸಿಗೆ ಇಬ್ಬರೇ ಹೆಚ್ಚಾಗಿದ್ದಾರೆ, ಪಾಳಿ ಮೂರೂವರೆ ಪಟ್ಟು ಬೆಳೆದಿದೆ.

ಹೀಗೇಕೆ? ಜನ ಗಡಿಯಾರದ ಮುಳ್ಳಿನಂತೆ ಬರುವುದಿಲ್ಲ. ಕೆಲವೊಮ್ಮೆ ಹತ್ತು ನಿಮಿಷ ಯಾರೂ ಇಲ್ಲ, ಕೆಲವೊಮ್ಮೆ ಬಸ್ಸು ಬಂದು ಆರು ಜನ ಒಟ್ಟಿಗೆ ಇಳಿಯುತ್ತಾರೆ. ಯಾರೂ ಇಲ್ಲದಾಗ ಕಳೆದುಹೋದ ನಿಮಿಷಗಳನ್ನು ಕೂಡಿಟ್ಟು ಗದ್ದಲದ ಹೊತ್ತಿಗೆ ಬಳಸಲಾಗದು. ಕಿಟಕಿಯ ಸಾಮರ್ಥ್ಯ ಮತ್ತು ಬರುವವರ ಸಂಖ್ಯೆ ಹತ್ತಿರ ಹತ್ತಿರವಾದಂತೆ, ಒಮ್ಮೆ ಬೆಳೆದ ಪಾಳಿ ಕರಗಲು ಬಿಡುವೇ ಸಿಗುವುದಿಲ್ಲ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಎ. ಕೆ. ಎರ್ಲಾಂಗ್ ಅವರು, ಕರೆಗಳು ಎಷ್ಟು ಹೊತ್ತು ಕಾಯಬೇಕು, ಎಷ್ಟು ತಂತಿಗಳು ಬೇಕು ಎಂದು ಲೆಕ್ಕ ಹಾಕಲು 1909ರಲ್ಲಿಯೇ ಇದರ ಬುನಾದಿ ಹಾಕಿದರು. ರೇಡಾರ್‌ಗಿಂತ ಮೂರು ದಶಕ ಹಿಂದಿನ ಮಾತು. ಆಗ ಈ ಶಾಸ್ತ್ರಕ್ಕೆ ಹೆಸರೇ ಇರಲಿಲ್ಲ.

ನೌಕರರನ್ನು ಸೋಮಾರಿಗಳೆನ್ನುವ ಮೊದಲು ಇದನ್ನು ನೆನೆಯಬೇಕೆಂದು ಬೇಡಿಕೊಳ್ಳುತ್ತೇನೆ. ಕಿಟಕಿಯ ಆ ಹೆಣ್ಣುಮಗಳು ಹಿಂದಿನಷ್ಟೇ ಚುರುಕಾಗಿ ದುಡಿಯುತ್ತಿದ್ದರೂ ಪಾಳಿ ಬೆಳೆದೇ ಬೆಳೆಯುತ್ತದೆ. ಪರಿಹಾರವೂ ಅಷ್ಟೇ ಬೆರಗಿನದು: ತಾಸಿಗೆ 14 ಜನ ಬರುವಾಗ ಇನ್ನೊಂದು ಕಿಟಕಿ ತೆರೆದು, ಇಬ್ಬರಿಗೂ ಸೇರಿ ಒಂದೇ ಪಾಳಿ ಇಟ್ಟರೆ ಸರಾಸರಿ ಕಾಯುವಿಕೆ 56 ನಿಮಿಷದಿಂದ ಸುಮಾರು ಒಂದು ನಿಮಿಷಕ್ಕೆ ಬೀಳುತ್ತದೆ. ಎರಡು ಕಿಟಕಿಗೆ ಎರಡು ಪಾಳಿ ಮಾಡಿದರೆ ಇಷ್ಟು ಲಾಭ ಸಿಗದು. ಒಂದು ಕಡೆ ಜನ ನಿಂತಿರುವಾಗ ಇನ್ನೊಂದು ಕಿಟಕಿ ಖಾಲಿ ಕೂರುವುದುಂಟು. ಬ್ಯಾಂಕುಗಳ ಟೋಕನ್ ಪದ್ಧತಿಯ ಹಿಂದೆ ಇರುವುದು ಇದೇ. ದಿನವಿಡೀ ಎರಡನೆಯ ಕಿಟಕಿ ಬೇಡ, ಹಳ್ಳಿಗಳ ಬಸ್ಸುಗಳು ಬಂದಿಳಿಯುವ ಬೆಳಗಿನ ಎರಡು ತಾಸು ತೆರೆದರೂ ಬಹಳ ಮಟ್ಟಿಗೆ ಸಾಕು. ನಾನು ಹೇಳಿದ ಅಂಕಿಗಳು ಜನ ಒಂದೇ ಸರಾಸರಿಯಲ್ಲಿ ಬರುತ್ತಾರೆಂಬ ಊಹೆಯ ಮೇಲೆ ನಿಂತಿವೆ. ಬಾಗಿಲು ತೆರೆಯುವ ಮೊದಲೇ ನೂರು ಜನ ನಿಂತಿರುವ ಕಡೆ ಲೆಕ್ಕವನ್ನು ಬೇರೆಯಾಗಿ ಹಾಕಬೇಕು.

ಕಾಯುವ ಹೊತ್ತನ್ನು ನೀವೇ ಅಂದಾಜು ಮಾಡಲು ಸುಲಭದ ಉಪಾಯವಿದೆ. ಒಳಗಿರುವ ಜನರನ್ನು ಎಣಿಸಿ, ತಾಸಿಗೆ ಎಷ್ಟು ಜನ ಬರುತ್ತಾರೆಂಬುದರಿಂದ ಭಾಗಿಸಿರಿ. ಒಳಗೆ 60 ಜನ, ತಾಸಿಗೆ ಬರುವವರು 30 ಎಂದಾದರೆ, ಒಬ್ಬೊಬ್ಬರೂ ಸರಾಸರಿ ಎರಡು ತಾಸು ಅಲ್ಲಿರುತ್ತಾರೆ. ಇಷ್ಟು ಸರಳವಾದ ಇದನ್ನು ಜಾನ್ ಲಿಟಲ್ ಅವರು ಗಣಿತದ ಬಿಗಿಯಲ್ಲಿ ಸಾಧಿಸಿ ತೋರಿಸಿದ್ದು 1961ರಲ್ಲಿ.

ಪ್ರಶ್ನೆ: ಈ ಶಾಸ್ತ್ರಕ್ಕೆ ಭಾರತೀಯರ ಕೊಡುಗೆ ಏನಾದರೂ ಇದೆಯೇ?
— ಉಪನ್ಯಾಸಕರು, ಹುಬ್ಬಳ್ಳಿ

ಉತ್ತರ: ಇದೆ. 1949ರಲ್ಲಿ ಹೈದರಾಬಾದಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದಲ್ಲಿ ಇದಕ್ಕಾಗಿ ಒಂದು ಘಟಕ ಆರಂಭವಾಯಿತು. ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಲನೋಬಿಸ್ ಅವರು 1953ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಇದನ್ನು ರಾಷ್ಟ್ರೀಯ ಯೋಜನೆಗೆ ತೊಡಗಿಸಿದರು. 1957ರಲ್ಲಿ ಈ ವಿದ್ಯೆಯ ಭಾರತೀಯ ಸಂಘ ಸ್ಥಾಪನೆಯಾಯಿತು. ಮುಂಬಯಿಯ ಐಐಟಿಯಲ್ಲಿ ಕಲಿತ ನರೇಂದ್ರ ಕರ್ಮಾರ್ಕರ್ ಅವರು 1984ರಲ್ಲಿ ಬೆಲ್ ಪ್ರಯೋಗಾಲಯದಲ್ಲಿದ್ದಾಗ, ಸಿಂಪ್ಲೆಕ್ಸ್‌ನಂತೆ ಸಾಧ್ಯವಿರುವ ಹಂಚಿಕೆಗಳೆಲ್ಲ ಸೇರಿ ಆಗುವ ಆಕೃತಿಯ ಅಂಚಿನ ಮೇಲೆ ಮೂಲೆಯಿಂದ ಮೂಲೆಗೆ ನಡೆಯದೆ ಒಳಗಿನಿಂದಲೇ ಹಾದುಹೋಗಿ ಉತ್ತರ ಮುಟ್ಟುವ ಹೊಸ ವಿಧಾನವನ್ನು ಕೊಟ್ಟರು. ಸೋದರ ವಿದ್ಯೆಯಾದ ಸಂಖ್ಯಾಶಾಸ್ತ್ರದಲ್ಲಿ ಜಗತ್ತೇ ಮನ್ನಿಸಿದ ಸಿ. ಆರ್. ರಾವ್ ಅವರು 1920ರಲ್ಲಿ ಹುಟ್ಟಿದ್ದು ಹೂವಿನಹಡಗಲಿಯಲ್ಲಿ. ಮುಂಡರಗಿಯ ಕಡೆಯವರಿಗೆ ಅದು ತುಂಗಭದ್ರೆಯ ಆಚೆಯ ದಡ. ನಮ್ಮ ಶಾಲೆಗಳ ಗೋಡೆಯ ಮೇಲೆ ಅವರ ಭಾವಚಿತ್ರ ಇರಬೇಕೆಂಬುದು ನನ್ನ ಆಸೆ.

ಪ್ರಶ್ನೆ: ನಮ್ಮೂರು ಹಿರೇಕೆರೂರು ತಾಲ್ಲೂಕಿನ ಒಂದು ಹಳ್ಳಿ. ರಾತ್ರಿ ಬಂದು ತಂಗಿ ಬೆಳಿಗ್ಗೆ 6 ಗಂಟೆಗೆ ಹೊರಡುತ್ತಿದ್ದ ವಸ್ತಿ ಬಸ್ಸನ್ನು ನಿಲ್ಲಿಸಿ, ಈಗ 9 ಗಂಟೆಗೆ ಒಂದು ಬಸ್ಸು ಬಿಡುತ್ತಾರೆ. ಕಾಲೇಜಿನ ಮಕ್ಕಳಿಗೂ ಕಾಯಿಪಲ್ಲೆ ಒಯ್ಯುವವರಿಗೂ ಅದು ಉಪಯೋಗವಿಲ್ಲ. ಲೆಕ್ಕ ಹಾಕಿದಾಗ ನಷ್ಟ ಕಂಡಿತು ಎನ್ನುತ್ತಾರೆ. ಯುದ್ಧದಲ್ಲಿ ಹುಟ್ಟಿದ ನಿಮ್ಮ ಶಾಸ್ತ್ರಕ್ಕೆ ಬಡವರ ಕಷ್ಟ ತಿಳಿಯುವುದಿಲ್ಲವೇ?
— ರೈತರು, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಈ ಶಾಸ್ತ್ರದ ಪ್ರತಿಯೊಂದು ಲೆಕ್ಕಕ್ಕೂ ಎರಡು ಭಾಗಗಳಿರುತ್ತವೆ. ಯಾವುದನ್ನು ಕಡಿಮೆ ಅಥವಾ ಹೆಚ್ಚು ಮಾಡಬೇಕೆಂಬುದು ಒಂದು, ಅದನ್ನು ಮಾಡುವಾಗ ಯಾವ ಕಟ್ಟುಪಾಡುಗಳನ್ನು ಮೀರಕೂಡದೆಂಬುದು ಇನ್ನೊಂದು. ಈ ಎರಡನ್ನೂ ಗಣಿತ ತೀರ್ಮಾನಿಸುವುದಿಲ್ಲ, ಲೆಕ್ಕ ಹಾಕಿಸುವವರು ತೀರ್ಮಾನಿಸುತ್ತಾರೆ. ಡೀಸೆಲ್ಲಿನ ಖರ್ಚನ್ನು ಕಡಿಮೆ ಮಾಡು ಎಂದಷ್ಟೇ ಹೇಳಿದರೆ ಲೆಕ್ಕ ಕೊನೆಗೆ ಯಾವ ಬಸ್ಸನ್ನೂ ಓಡಿಸಬೇಡವೆನ್ನುತ್ತದೆ. ‘ಪ್ರತಿಯೊಂದು ಹಳ್ಳಿಯಿಂದಲೂ ಬೆಳಗಿನ 7 ಗಂಟೆಯೊಳಗೆ ತಾಲ್ಲೂಕು ಸ್ಥಳಕ್ಕೆ ಒಂದು ಬಸ್ಸು ಹೊರಡಬೇಕು’ ಎಂಬ ಕಟ್ಟುಪಾಡನ್ನು ಮೊದಲೇ ಬರೆದು, ಅದರೊಳಗೆ ಖರ್ಚು ತಗ್ಗಿಸು ಎಂದರೆ, ಅದೇ ಗಣಿತ ವಸ್ತಿ ಬಸ್ಸನ್ನು ತಾನಾಗಿಯೇ ಉಳಿಸೀತು. ಬೆಳಗಿನ ಜಾವ ಡಿಪೋದಿಂದ ಹಳ್ಳಿಗೆ ಖಾಲಿ ಓಡಿಸುವುದಕ್ಕಿಂತ ರಾತ್ರಿ ಅಲ್ಲಿಯೇ ನಿಲ್ಲಿಸುವುದು ಅಗ್ಗ. ಎರಡೂ ಲೆಕ್ಕಗಳ ವ್ಯತ್ಯಾಸ ಎಷ್ಟು ರೂಪಾಯಿ ಎಂಬುದನ್ನು ಕೂಡ ಅದು ಹೇಳುತ್ತದೆ. ಆ ಮೊತ್ತವನ್ನು ಸರಕಾರ ಭರಿಸಬೇಕೇ ಎಂಬುದನ್ನು ಜನಪ್ರತಿನಿಧಿಗಳು ಎಲ್ಲರೆದುರು ಚರ್ಚಿಸಬಹುದು.

ಯುದ್ಧದ ಮಾತನ್ನು ನೀವು ಎತ್ತಿದ್ದರಿಂದ ಹೇಳುತ್ತೇನೆ. 1942ರಲ್ಲಿ ಚರ್ಚಿಲ್ಲರ ಸಲಹೆಗಾರ ಲಾರ್ಡ್ ಚರ್ವೆಲ್, ಜರ್ಮನಿಯ ದುಡಿಯುವ ಜನರ ಮನೆಗಳ ಮೇಲೆ ಬಾಂಬು ಹಾಕಿದರೆ ಯುದ್ಧ ಗೆಲ್ಲಬಹುದೆಂದು ಅಂಕಿಗಳ ಸಮೇತ ಒಂದು ಟಿಪ್ಪಣಿ ಕೊಟ್ಟರು. ಆ ಅಂಕಿಗಳು ಹಲವು ಪಟ್ಟು ಉಬ್ಬಿದವೆಂದು ಬ್ಲ್ಯಾಕೆಟ್ ಮತ್ತು ಇನ್ನೊಬ್ಬ ವಿಜ್ಞಾನಿ ಹೆನ್ರಿ ಟಿಜಾರ್ಡ್ ವಿರೋಧಿಸಿದರು. ಅವರ ಮಾತು ನಡೆಯಲಿಲ್ಲ, ನಗರಗಳು ಸುಟ್ಟವು. ಯುದ್ಧದ ನಂತರ ನಡೆದ ಪರಿಶೀಲನೆಯಲ್ಲಿ ಅವರ ಸಂದೇಹ ಸರಿಯಾಗಿತ್ತೆಂದು ಕಂಡುಬಂತು. ತಪ್ಪು ಲೆಕ್ಕದ ಎದುರು ನಿಲ್ಲಲು ಅವರಿಗೆ ಇದ್ದದ್ದು ಸರಿಯಾದ ಲೆಕ್ಕವೇ.

ನಿಮ್ಮ ಊರಿನ ವಿಷಯದಲ್ಲಿ ನನಗಿರುವ ಸಂದೇಹ ಹೀಗಿದೆ. ನಷ್ಟವನ್ನು ಟಿಕೆಟ್ ಯಂತ್ರದ ಅಂಕಿಗಳಿಂದ ಕಂಡುಕೊಂಡಿರಬಹುದು. ಆ ಯಂತ್ರ ಹತ್ತಿದವರನ್ನು ಎಣಿಸುತ್ತದೆ, ಹತ್ತಲಾರದೆ ಉಳಿದವರನ್ನು ಎಣಿಸುವುದಿಲ್ಲ. ವಿದ್ಯಾರ್ಥಿ ಪಾಸಿನ ಮಕ್ಕಳು, ಟಂಟಂನಲ್ಲಿ ಹೆಚ್ಚು ದುಡ್ಡು ಕೊಟ್ಟು ಹೋಗುವವರು, ದೂರವೆಂದು ಕಾಲೇಜನ್ನೇ ಬಿಟ್ಟ ಹೆಣ್ಣುಮಕ್ಕಳು ಅದರಲ್ಲಿ ಕಾಣುವರೇ ಎಂದು ಕೇಳಬೇಕು. ಆದ್ದರಿಂದ ಎರಡು ವಾರ ಒಂದು ಕೆಲಸ ಮಾಡಿರಿ. ಊರಿನ ಇಬ್ಬರು ಕಾಲೇಜು ಹುಡುಗರು ದಿನವೂ ಬೆಳಿಗ್ಗೆ 5.30ರಿಂದ 9ರವರೆಗೆ ಬಸ್‌ಸ್ಟಾಪಿನಲ್ಲಿ ಕುಳಿತು, ಊರಿನಿಂದ ಯಾರು ಎಷ್ಟು ಹೊತ್ತಿಗೆ ಹೊರಟರು, ಎಲ್ಲಿಗೆ, ಯಾವ ಗಾಡಿಯಲ್ಲಿ, ಎಷ್ಟು ಕೊಟ್ಟು ಹೋದರು ಎಂದು ಒಂದು ವಹಿಯಲ್ಲಿ ಬರೆಯಲಿ. ಹೆಸರುಗಳು ಬೇಡ, ಎಣಿಕೆ ಸಾಕು. ಇದರ ಜೊತೆಗೆ ಮನೆಮನೆಗೆ ಹೋಗಿ, 6ರ ಬಸ್ಸಿದ್ದರೆ ಹೋಗುತ್ತಿದ್ದ, ಈಗ ಹೋಗುವುದನ್ನೇ ಬಿಟ್ಟವರೆಷ್ಟು ಎಂಬುದನ್ನೂ ಬೇರೆ ಪುಟದಲ್ಲಿ ಬರೆದುಕೊಳ್ಳಲಿ. ಮನವಿಪತ್ರಕ್ಕೆ ಆ ಎರಡೂ ಪುಟಗಳನ್ನು ಲಗತ್ತಿಸಿ ಡಿಪೋ ವ್ಯವಸ್ಥಾಪಕರಿಗೆ ಕೊಡಿರಿ, ಒಂದು ಪ್ರತಿಯನ್ನು ನನಗೂ ಕಳಿಸಿರಿ. ಅದರ ಮೇಲೆ ಲೆಕ್ಕ ಹಾಕಿ ಕೊಡುವುದು ನನ್ನ ಕೆಲಸ.